ಕೌದಿಯ ಹೊಲಿಗೆ, ಕರುಣೆಯ ಕಾರ್ಯ

(ಶತಮಾನೋತ್ಸವದ ಅಂಗವಾಗಿ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣ)



ಧರ್ಮಕೇಂದ್ರವೊಂದರ ನೂರು ವರ್ಷಗಳ ಚರಿತ್ರೆಯನ್ನು ಬರೆಯುವಾಗ ದೇವಾಲಯದ ಕಟ್ಟಡ, ಗಂಟೆಗೋಪುರ, ಶಾಲೆ, ಸೇವೆ ಸಲ್ಲಿಸಿದ ಗುರುಗಳು ಇವುಗಳ ಉಲ್ಲೇಖ ಬರುವುದು ಸಹಜ. ಮನೆಯ ಪಡಸಾಲೆಯಲ್ಲಿ ಕುಳಿತು, ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಕೌದಿ ಹೊಲಿದ ತಾಯಂದಿರ ಹೆಸರು ಯಾವ ದಫ್ತರದಲ್ಲಿಯೂ ದೊರೆಯುವುದಿಲ್ಲ. ಆದರೂ ನಮ್ಮಲ್ಲಿ ಬಹುಮಂದಿ ಈ ಲೋಕಕ್ಕೆ ಬಂದ ಮೊದಲ ರಾತ್ರಿಗಳನ್ನು ಕಳೆದದ್ದು ಆ ಕೈಹೊಲಿಗೆಯ ಬೆಚ್ಚನೆಯ ಮಡಿಲಿನಲ್ಲಿಯೇ. ಆದುದರಿಂದ ಕೌದಿಯನ್ನೂ, ಅದನ್ನು ದಾನವಾಗಿ ಕೊಡುವ ಬಗೆಯನ್ನೂ ಕುರಿತು ಕೆಲವು ಮಾತುಗಳನ್ನು ನಿಮ್ಮ ಮುಂದಿಡಲು ಬಯಸುತ್ತೇವೆ.

ಹೊಲಿಗೆಯ ಕೆಲಸವನ್ನು ಶ್ರೀಗ್ರಂಥವು ಅಲ್ಪವೆಂದು ಎಣಿಸಿಲ್ಲ. ‘ಪ್ರೇಷಿತರ ಕಾರ್ಯಕಲಾಪಗಳು’ ಗ್ರಂಥದ 9ನೆಯ ಅಧ್ಯಾಯದಲ್ಲಿ ಯೊಪ್ಪ ಪಟ್ಟಣದ ತಬಿಥಾಳ ವೃತ್ತಾಂತವಿದೆ. ಗ್ರೀಕ್ ಭಾಷೆಯಲ್ಲಿ ಆಕೆಯ ಹೆಸರು ದೊರ್ಕ. ಆಕೆ ತೀರಿಕೊಂಡಾಗ ವಿಧವೆಯರು ಸಂತ ಪೇತ್ರರ ಸುತ್ತ ನೆರೆದು, ಅಳುತ್ತ, ಆಕೆ ತಮಗಾಗಿ ಮಾಡಿಕೊಟ್ಟಿದ್ದ ಉಡುಪುಗಳನ್ನು ತೋರಿಸಿದರು. ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ತಬಿಥಾಳು ಕೊಟ್ಟದ್ದು ಬಡವರು ಅಡಗಿಸಿಡಬೇಕಾದ ಚಿಂದಿಯಲ್ಲ. ಪ್ರೇಷಿತರ ಎದುರಿನಲ್ಲಿ ಎತ್ತಿ ತೋರಿಸಬಹುದಾದ ವಸ್ತ್ರ. ಬಟ್ಟೆಯ ದಾನಕ್ಕೆ ಇದಕ್ಕಿಂತ ಉತ್ತಮವಾದ ಒರೆಗಲ್ಲು ಬೇರೆ ಉಂಟೇ?

ವಿಮೋಚನಾಕಾಂಡದ 22ನೆಯ ಅಧ್ಯಾಯವು ಮತ್ತೊಂದು ಪಾಠವನ್ನು ಕಲಿಸುತ್ತದೆ. ಬಡವನ ಹೊದಿಕೆಯನ್ನು ಒತ್ತೆಯಾಗಿ ಪಡೆದವನು ಸೂರ್ಯಾಸ್ತಕ್ಕೆ ಮುಂಚೆ ಅದನ್ನು ಹಿಂದಿರುಗಿಸಬೇಕೆಂಬುದು ಅಲ್ಲಿಯ ವಿಧಿ. ಆತನಿಗೆ ಮಲಗುವಾಗ ಹೊದೆಯಲು ಬೇರೇನೂ ಇಲ್ಲವೆಂಬುದೇ ಕಾರಣ. ಹೊದಿಕೆ ಬರಿಯ ದಯೆಯ ಮಾತಲ್ಲ, ನ್ಯಾಯದ ಮಾತು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿಯ ಪರಿಚಯವಿಲ್ಲದವರು ವಿರಳ. ಮೆತ್ತನೆಯ ಹತ್ತಿಯ ಸೀರೆ ಅಥವಾ ಧೋತರವನ್ನು ತಳಕ್ಕೆ ಹಾಸಿ, ನಡುವೆ ಹಳೆಯ ಬಟ್ಟೆಗಳ ಪದರಗಳನ್ನಿಟ್ಟು, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಸಾಲುಸಾಲಾಗಿ ಹೊಲಿಯುವರು. ಪದರಗಳನ್ನು ಹಿಡಿದಿಡುವುದು ಆ ಸಣ್ಣ ಸಣ್ಣ ಹೊಲಿಗೆಗಳೇ. ಸಾಲುಗಳು ವಿರಳವಾದರೆ ಒಗೆದಾಗ ಒಳಗಿನ ಬಟ್ಟೆ ಮುದ್ದೆಗಟ್ಟುತ್ತದೆ. ಅನೇಕ ಸಲ ಒಗೆದ ಹತ್ತಿಯಲ್ಲಿ ಗಂಜಿಯ ಬಿರುಸು ಉಳಿಯದ ಕಾರಣ ಎಳೆಗೂಸಿನ ಮೈಗೆ ಅದು ಹಿತಕರ.

ಕೌದಿಯ ಸಿದ್ಧಿಯನ್ನು ಕಾಣಬೇಕಾದರೆ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳ ಸಿದ್ದಿ ಸಹೋದರಿಯರತ್ತ ನೋಡಬೇಕು. ಇವರ ಪೂರ್ವಜರು ಆಫ್ರಿಕದವರು. ಅನೇಕರು ಗುಲಾಮರಾಗಿ ಗೋವೆಗೆ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದವರು. ಇಂದು ಇವರಲ್ಲಿ ಕಥೋಲಿಕರೂ ಮುಸಲ್ಮಾನರೂ ಹಿಂದೂಗಳೂ ಇದ್ದಾರೆ. ಇವರು ‘ಕವಂದಿ’ ಎಂದು ಕರೆಯುವ ಕೌದಿಯ ಹೊಲಿಗೆ ಅಂಚಿನ ಒಂದು ಮೂಲೆಯಲ್ಲಿ ಆರಂಭವಾಗಿ, ಸುತ್ತುಸುತ್ತಾಗಿ ನಡುವನ್ನು ಸೇರುತ್ತದೆ. ಕಥೋಲಿಕ ಸಿದ್ದಿಯರ ಕವಂದಿಗಳಲ್ಲಿ ಕೆಲವೊಮ್ಮೆ ಶಿಲುಬೆಯ ಆಕಾರವನ್ನೂ ಕಾಣಬಹುದು. ಕೊನೆಗೆ ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ‘ಫೂಲ’, ಎಂದರೆ ಹೂವು, ಇಡುವರು. ಹೂವಿಲ್ಲದ ಕವಂದಿ ಬತ್ತಲೆಯಾದಂತೆ ಎಂಬುದು ಅವರ ಭಾವನೆ. ಆ ಹೂವಿನಿಂದ ಚಳಿ ಕಿಂಚಿತ್ತೂ ಕಡಿಮೆಯಾಗದು. ಆದರೂ ಬಡತನದ ನಡುವೆಯೂ ಅದನ್ನು ಅವರು ಬಿಡಲಿಲ್ಲ. ನಾವು ಪರರಿಗೆಂದು ಹೊಲಿಯುವ ಕೌದಿಗೂ ಆ ಹೂವು ಬೇಕು. ಸ್ವಂತ ಮೊಮ್ಮಗುವಿನ ತೊಟ್ಟಿಲಿಗೆ ಹಾಕಲು ಮನಸ್ಸು ಒಪ್ಪದಂಥ ಕೌದಿಯನ್ನು ದಾನದ ರಾಶಿಗೆ ಸೇರಿಸುವುದು ಮನೆಯ ಕಸವನ್ನು ಹೊರಹಾಕಿದಂತೆಯೇ ಹೊರತು ದಾನವಲ್ಲ.

ಇನ್ನು ಅನುಷ್ಠಾನದ ಮಾತು. ಹಳೆಯ ಉಡುಪಿಗೆ ಒಗೆಯದ ಹೊಸ ಬಟ್ಟೆಯ ತೇಪೆಯನ್ನು ಯಾರೂ ಹಾಕುವುದಿಲ್ಲವೆಂದು ಯೇಸುಸ್ವಾಮಿ ಹೇಳಿದ ಸಾಮತಿಯನ್ನು ನಾವು ಬಲ್ಲೆವು. ಅದರಲ್ಲಿ ಆತ್ಮಿಕ ಅರ್ಥದೊಂದಿಗೆ ಗೃಹಿಣಿಯ ಅನುಭವವೂ ಅಡಗಿದೆ: ಹೊಸ ಹತ್ತಿ ಒಗೆದಾಗ ಕುಗ್ಗಿ, ಹಳೆಯದನ್ನು ಎಳೆದು ಹರಿಯುತ್ತದೆ. ಆದುದರಿಂದ ಎಲ್ಲ ತುಂಡುಗಳನ್ನೂ ಮೊದಲೇ ಬಿಸಿನೀರಿನಲ್ಲಿ ಒಗೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ಗುಂಡಿ, ಕೊಕ್ಕೆಗಳನ್ನು ಬಿಚ್ಚಿ ತೆಗೆಯಬೇಕು. ಕೂಸಿನ ಕೌದಿಗೆ ಜರಿಯೂ ಬೇಡ, ನೈಲಾನೂ ಬೇಡ.

ಅಂಗಡಿಯಲ್ಲಿ ಅಗ್ಗದ ಹೊದಿಕೆ ಸಿಗುವಾಗ ಈ ಶ್ರಮವೇಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. 2019ರ ಆಗಸ್ಟಿನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳು ಉಕ್ಕಿ ಬಂದಾಗ ಜನರಿಗೆ ಅಂದಿನ ರಾತ್ರಿಗೇ ಹೊದಿಕೆ ಬೇಕಾಗಿತ್ತು. ಅಂತಹ ಸಮಯದಲ್ಲಿ ಕೊಂಡು ಕೊಡುವುದೇ ಸರಿ. ಆದರೆ ನಮ್ಮ ಕೇರಿಯ ಬಾಣಂತಿಗೆ, ಒಂಟಿಯಾಗಿರುವ ವೃದ್ಧರಿಗೆ, ಹಾಸಿಗೆ ಹಿಡಿದ ರೋಗಿಗೆ ಬೇಕಾದದ್ದು ಬೆಚ್ಚನೆಯಷ್ಟೇ ಅಲ್ಲ. ತಮ್ಮನ್ನು ನೆನೆದು ಯಾರೋ ದಿನಗಟ್ಟಲೆ ಸೂಜಿ ಹಿಡಿದರೆಂಬ ಅರಿವು.

ಜೊತೆಗೆ ಒಂದು ಎಚ್ಚರವೂ ಇರಲಿ. ಗೊಂದಳಿ, ಗೋಸಾವಿ ಮೊದಲಾದ ಸಮುದಾಯಗಳ ಮಹಿಳೆಯರು ಕೌದಿ ಹೊಲಿದು ಜೀವನ ಸಾಗಿಸುತ್ತ ಬಂದಿದ್ದಾರೆ. ಅವರ ಕೈಯಿಂದ ಹೊಲಿಸುವಾಗ ಪುಣ್ಯಕಾರ್ಯದ ಹೆಸರಿನಲ್ಲಿ ಕೂಲಿಯನ್ನು ಕಡಿಮೆ ಮಾಡಕೂಡದು. ಒಬ್ಬ ಬಡವಳ ಕೂಲಿಯನ್ನು ಕತ್ತರಿಸಿ ಮತ್ತೊಬ್ಬ ಬಡವಳಿಗೆ ಹೊದಿಸಿದರೆ ಅದು ದೇವರಿಗೆ ಮೆಚ್ಚುಗೆಯಾದೀತೇ?

ಈ ಸೇವೆ ಸ್ತ್ರೀಯರಿಗಷ್ಟೇ ಮೀಸಲಲ್ಲ. ದರ್ಜಿಗಳ ಪಾಲಕರಾದ ಸಂತ ಹೋಮೊಬೋನುಸರು ಇಟಲಿಯ ಕ್ರೆಮೋನಾ ಪಟ್ಟಣದ ಗೃಹಸ್ಥರು, ಬಟ್ಟೆಯ ವ್ಯಾಪಾರಿಗಳು. 1197ರಲ್ಲಿ ನಿಧನರಾದ ಈ ದಾನಶೀಲರನ್ನು ಧರ್ಮಸಭೆಯು 1199ರಲ್ಲಿಯೇ ಸಂತರೆಂದು ಸಾರಿತು. ಬಟ್ಟೆ ಸಂಗ್ರಹಿಸಲು, ಕತ್ತರಿಸಲು, ಹೊತ್ತು ತಲುಪಿಸಲು ನಮ್ಮ ಸಹೋದರರೂ ಯುವಜನರೂ ಮುಂದೆ ಬರಲಿ. ಕಣ್ಣು ಮಂಜಾದ ಅಜ್ಜಿಯರಿಗೆ ಮಕ್ಕಳು ಸೂಜಿಗೆ ದಾರ ಪೋಣಿಸಿಕೊಟ್ಟರೂ ಸಾಕು. ಹೀಗೆಯೇ ಈ ವಿದ್ಯೆ ಒಂದು ತಲೆಮಾರಿನಿಂದ ಮತ್ತೊಂದಕ್ಕೆ ದಾಟುತ್ತದೆ.

ಮುಂದಿನ ಮಳೆಗಾಲ ಬರುವ ಮುನ್ನ ನೆರೆಹೊರೆಯ ನಾಲ್ಕಾರು ಮನೆಗಳವರು ಕೂಡಿ ಒಂದೊಂದು ಕೌದಿಯನ್ನಾದರೂ ಹೊಲಿಯೋಣವೆಂಬುದು ನಮ್ಮ ವಿನಂತಿ. ಯಾರಿಗೆ ಕೊಡುವೆವೆಂಬುದನ್ನು ಮೊದಲು ನಿಶ್ಚಯಿಸಿ, ಅವರ ಹೆಸರನ್ನು ಪ್ರಾರ್ಥನೆಯಲ್ಲಿ ನೆನೆದು, ಆಮೇಲೆ ಸೂಜಿ ಹಿಡಿಯೋಣ. ಜಾತಿ ಮತಗಳನ್ನು ಎಣಿಸದೆ ಕೊಡೋಣ. ನಾಲ್ಕು ಮೂಲೆಗೂ ಹೂವಿಡುವುದನ್ನು ಮರೆಯದಿರೋಣ. ತಬಿಥಾಳ ಕೈಗಳನ್ನು ಹರಸಿದ ದೇವರು ನಮ್ಮ ಕೈಗೆಲಸವನ್ನೂ ಹರಸಲಿ.