ಹಿತ್ತಲಿಗೆ ಬರುವ ಮಾಗಿಯ ಅತಿಥಿಗಳು



ಇಂಗ್ಲಿಷ್ ಸಾಹಿತ್ಯವನ್ನು ಪಾಠ ಹೇಳಿ ಜೀವಿಸುವ ನನ್ನಂಥವರಿಗೆ ಒಂದು ದೌರ್ಬಲ್ಯವುಂಟು: ನಮ್ಮ ಮನೆಯ ಹಿತ್ತಲನ್ನು ಕೂಡ ನಾವು ಇಂಗ್ಲೆಂಡಿನ ಕಿಟಕಿಯಿಂದಲೇ ನೋಡುತ್ತೇವೆ. ಆ ದೇಶದಲ್ಲಿ ಡಿಸೆಂಬರ್ ತಿಂಗಳ ಹಗಲು ಸುಮಾರು ಎಂಟು ಗಂಟೆಗೆ ಇಳಿಯುವುದು, ಹುಳುಹುಪ್ಪಟೆಗಳು ಅಡಗುವುವು, ಕೆಲವು ದಿನ ನೆಲವೇ ಹೆಪ್ಪುಗಟ್ಟುವುದು. ಹದಿನಾರು ಗಂಟೆಗಳ ರಾತ್ರಿಯನ್ನು ಕಳೆಯಲು ಬೇಕಾದ ಆಹಾರವನ್ನು ಒಂದು ಪುಟ್ಟ ಹಕ್ಕಿ ಆ ಎಂಟು ಗಂಟೆಗಳೊಳಗೆ ಸಂಪಾದಿಸಬೇಕು. ಆದಕಾರಣ ಅಲ್ಲಿನ ಜನರು ಹಿತ್ತಲಿನಲ್ಲಿ ಕಂಬ ನೆಟ್ಟು, ಮೇಲೊಂದು ಹಲಗೆಯನ್ನಿರಿಸಿ, ಕಾಳನ್ನೂ ಕೊಬ್ಬನ್ನೂ ಹಾಕುವರು. ಇದು ದಯೆ ಮಾತ್ರವಲ್ಲ, ಆ ನಾಡಿಗೆ ತಕ್ಕ ವಿವೇಕವೂ ಹೌದು.

ಕೆಲವು ವರ್ಷಗಳ ಹಿಂದೆ ನಾನೂ ಒಂದು ಕಂಬ ನೆಟ್ಟೆನು. ಮೊದಲನೆಯ ವಾರ ನಾಲ್ಕು ಗುಬ್ಬಚ್ಚಿಗಳೂ ಎಂಟು ಹತ್ತು ರಾಟವಾಳಗಳೂ ಬಂದುವು. ನನ್ನ ಹೆಮ್ಮೆಗೆ ಪಾರವಿರಲಿಲ್ಲ, ಕಾಳನ್ನು ಇಮ್ಮಡಿಸಿದೆನು. ಎರಡನೆಯ ವಾರ ಪಾರಿವಾಳಗಳ ಸೈನ್ಯ ಬಂದಿತು. ಮೂರನೆಯ ವಾರ ಇಲಿ ಬಂದಿತು. ಇಲಿಯ ಹಿಂದೆ ಬೆಕ್ಕು ಬಂದಿತೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ. ಒಂದು ಬೆಳಗ್ಗೆ ನೋಡಿದರೆ ಕಂಬದ ಬುಡದಲ್ಲಿ ರಾಟವಾಳದ ಗರಿಗಳು ಮಾತ್ರ ಉಳಿದಿದ್ದುವು. ಊಟಕ್ಕೆಂದು ಕರೆದು ಅತಿಥಿಯನ್ನು ಶತ್ರುವಿನ ಕೈಗೆ ಕೊಟ್ಟಂತಾಯಿತಲ್ಲಾ ಎಂದು ಮನಸ್ಸಿಗೆ ಬಹಳ ವ್ಯಸನವಾಯಿತು. ಕಂಬವನ್ನು ಕಿತ್ತುಹಾಕಿದೆನು.

ಅದೇ ಮಾಗಿಯಲ್ಲಿ, ಕ್ರಿಸ್‌ಮಸ್ ಹಬ್ಬಕ್ಕೆಂದು ನನ್ನ ಶಿಷ್ಯನೊಬ್ಬನು ಮಾರ್ಟಳ್ಳಿಗೆ ಕರೆದನು. ಕೊಳ್ಳೇಗಾಲದಿಂದ ಹನೂರನ್ನು ಹಾದು, ಮಹದೇಶ್ವರ ಬೆಟ್ಟದ ಸೀಮೆಯನ್ನು ಹೊಕ್ಕರೆ ಸಿಗುವ ಊರದು. ಸುತ್ತಲೂ ಕೆಮ್ಮಣ್ಣಿನ ಬೆದ್ದಲು, ಆಚೆಗೆ ಕಾಡು. 2013ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಆ ಕಾಡಿನ ವಿಸ್ತೀರ್ಣ ಸುಮಾರು 900 ಚದರ ಕಿಲೋಮೀಟರ್. ಕೊಳ್ಳೇಗಾಲದ ಸೀಮೆಯು 1956ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿದ್ದಿತು; ಇಂದಿಗೂ ಆ ಊರಿನ ಮನೆಗಳಲ್ಲಿ ತಮಿಳು ಕನ್ನಡಗಳೆರಡೂ ಕೇಳಿಬರುವುವು.

ಶಿಷ್ಯನ ಮನೆಯ ಹಿತ್ತಲಿನಲ್ಲಿ ಕಂಬವಿರಲಿಲ್ಲ, ಹಲಗೆಯಿರಲಿಲ್ಲ. ಒಂದು ಹುಣಸೆಯ ಮರ, ಎರಡು ಸೀಬೆಯ ಗಿಡ, ಒಂದು ಕರಿಬೇವು, ಬೇಲಿಯುದ್ದಕ್ಕೂ ದಾಸವಾಳ. ಬಟ್ಟೆ ಒಗೆಯುವ ಕಲ್ಲಿನ ನೀರು ಹರಿದು ಒದ್ದೆಯಾದ ಒಂದಿಷ್ಟು ನೆಲ. ಮರದ ಕೆಳಗೆ ಗುಡಿಸದೆ ಬಿಟ್ಟ ತರಗೆಲೆ. ಅದರ ಪಕ್ಕದಲ್ಲಿ ಅಗಲವಾದ ಮಣ್ಣಿನ ಬಾನಿಯೊಂದು. ಅದರೊಳಗೆ ನೀರಿನಿಂದ ಮೇಲಕ್ಕೆದ್ದ ಒಂದು ಕಲ್ಲು. ಜಗಲಿಯ ಮೇಲೆ ಕುಳಿತ ಒಂದು ಗಂಟೆಯಲ್ಲಿ ನಾನು ಹನ್ನೊಂದು ಜಾತಿಯ ಹಕ್ಕಿಗಳನ್ನು ಎಣಿಸಿದೆನು. ಪಿಕಳಾರ, ಮಡಿವಾಳ, ಸೂರಕ್ಕಿ, ಟುವ್ವಿ, ಕಾಜಾಣ, ಹರಟೆಮಲ್ಲರ ಗುಂಪು! ಒಗೆಯುವ ಕಲ್ಲಿನ ಬಳಿ ಹಳದಿ ಹೊಟ್ಟೆಯ ಬೂದು ಸಿಪಿಲೆಯೊಂದು ಬಾಲವನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತ ಓಡಾಡುತ್ತಿದ್ದಿತು.

ಶಿಷ್ಯನ ಅಜ್ಜಿಯನ್ನು, “ಇವಕ್ಕೆ ಏನು ಹಾಕುತ್ತೀರಮ್ಮಾ?” ಎಂದು ಕೇಳಿದೆನು. ಆಕೆ ನಕ್ಕು, “ಈಗ ಊಟಕ್ಕೇನು ಕಮ್ಮಿ ಮೇಷ್ಟ್ರೇ? ಹೊಲದಲ್ಲಿ ರಾಗಿ ಬಿದ್ದದೆ. ಈಸ್ಟರ್ ಹೊತ್ತಿಗೆ ಬನ್ನಿ, ಬಾಯಾರಿಕೆ ಅಂದ್ರೇನೂಂತ ಗೊತ್ತಾಯ್ತದೆ” ಎಂದರು.

ಆ ಎರಡು ಮಾತಿನಲ್ಲಿ ನನ್ನ ಕಂಬದ ತಪ್ಪೆಲ್ಲವೂ ಬಯಲಾಯಿತು. ನಮ್ಮ ನಾಡಿನ ಮಾಗಿಯು ಕ್ಷಾಮದ ಕಾಲವಲ್ಲ, ಸುಗ್ಗಿಯ ಕಾಲ. ಅಕ್ಟೋಬರ್ ನವೆಂಬರ್ ತಿಂಗಳ ಹಿಂಗಾರಿನಿಂದ ನೆಲ ತಣಿದಿರುವುದು, ಹುಲ್ಲು ಬೀಜ ಕಟ್ಟಿರುವುದು, ಹುಳುಗಳಿಗೆ ಕೊರತೆಯಿಲ್ಲ. ಅದಕ್ಕಾಗಿಯೇ ಹಿಮಾಲಯದಿಂದಲೂ ಅದರಾಚೆಯಿಂದಲೂ ಹಕ್ಕಿಗಳು ನಮ್ಮಲ್ಲಿಗೆ ಬರುವುವು. ಅವುಗಳಲ್ಲಿ ಹಲವಕ್ಕೆ ನಮ್ಮ ಕಾಳಿನ ಗೊಡವೆಯೇ ಇಲ್ಲ. ಸಿಪಿಲೆ ಒದ್ದೆ ನೆಲದ ಕ್ರಿಮಿಗಳನ್ನು ಹೆಕ್ಕುವುದು. ನವರಂಗವು ತರಗೆಲೆಯನ್ನು ಕೆದಕಿ ಹುಳುಗಳನ್ನು ತಿನ್ನುವುದು. ಬಹು ಹಗುರವಾದ ಹಸಿರು ಉಲಿಯಕ್ಕಿ ಎಲೆಯೆಲೆಯನ್ನೂ ಶೋಧಿಸಿ ಕೀಟಗಳನ್ನು ಹಿಡಿಯುವುದು. ರಾಜಹಕ್ಕಿ ಹಾರುವ ಕೀಟವನ್ನು ಗಾಳಿಯಲ್ಲಿಯೇ ಹಿಡಿಯುವುದು. ಇವುಗಳ ಮುಂದೆ ಸೇರು ರಾಗಿಯನ್ನು ಸುರಿದರೂ ಕಣ್ಣೆತ್ತಿ ನೋಡವು. ಕಾಳು ಕರೆಯುವುದು ಕಾಳು ತಿನ್ನುವವನ್ನು ಮಾತ್ರ. ಹೆಚ್ಚಾಗಿ ಸುರಿದರೆ ಪಾರಿವಾಳವನ್ನು ಮಾತ್ರ.

ಹಾಗಾದರೆ ಪಟ್ಟಣವಾಸಿಗಳಾದ ನಾವು ಮಾಡಬೇಕಾದುದೇನು? ಮೊದಲನೆಯದು ನೀರು. ಎರಡು ಅಂಗುಲಕ್ಕಿಂತ ಆಳವಲ್ಲದ, ಒರಟಾದ ಮಣ್ಣಿನ ತಟ್ಟೆ ಸಾಕು. ನಡುವೆ ಒಂದು ಕಲ್ಲಿರಲಿ. ನೀರನ್ನು ದಿನವೂ ಚೆಲ್ಲಿ, ತಟ್ಟೆಯನ್ನು ಉಜ್ಜಿ ತುಂಬಬೇಕು. ಇಲ್ಲವಾದರೆ ಹಕ್ಕಿಗೆ ರೋಗ, ನಮಗೆ ಸೊಳ್ಳೆ. ಬೆಕ್ಕು ಅವಿತುಕೊಳ್ಳಬಹುದಾದ ಪೊದೆಯಿಂದ ಆರೇಳಡಿ ದೂರವಿರಲಿ. ಹಾರಿ ಕೂರಲು ಹತ್ತಿರದಲ್ಲಿ ಒಂದು ಕೊಂಬೆಯಿರಲಿ. ಮಾಗಿಯಲ್ಲಿ ಇಟ್ಟ ನೀರು ಮಳೆಗಾಲದವರೆಗೂ ತಪ್ಪಬಾರದು. ಫೆಬ್ರವರಿಯಿಂದ ಮೇ ತಿಂಗಳವರೆಗಿನ ಕಾಲವೇ ಅದರ ನಿಜವಾದ ಕಾಲ.

ಎರಡನೆಯದು ಗಿಡಮರ. ದಾಸವಾಳವಿದ್ದಲ್ಲಿ ಸೂರಕ್ಕಿ ಬರುವುದು. ಕರಿಬೇವಿನ ಹಣ್ಣಿಗೆ ಕೋಗಿಲೆಯೂ ಪಿಕಳಾರವೂ ಬರುವುವು. ಸ್ಥಳವಿದ್ದವರು ಅತ್ತಿಯನ್ನೋ ಹಾಲುವಾಣವನ್ನೋ ನೆಟ್ಟರೆ ಅದೊಂದು ಛತ್ರವೇ ಸರಿ. ಮೂರನೆಯದು ಕಸ, ಎಂದರೆ ಒಂದು ಮೂಲೆಯ ತರಗೆಲೆಯನ್ನು ಸುಡದೆ, ಗುಡಿಸದೆ ಬಿಡುವುದು. ನಾಲ್ಕನೆಯದು, ಗಿಡಗಳಿಗೆ ವಿಷವನ್ನು ಸಿಂಪಡಿಸದಿರುವುದು. ಕಾಳು ತಿನ್ನುವ ಗುಬ್ಬಚ್ಚಿ ಕೂಡ ತನ್ನ ಮರಿಗಳಿಗೆ ಹುಳುಗಳನ್ನೇ ಉಣಿಸುವುದು. ಹುಳುವಿಲ್ಲದ ಹಿತ್ತಲಿನಲ್ಲಿ ಅದರ ಸಂತಾನ ಉಳಿಯದು.

ಇಷ್ಟಾದ ಮೇಲೆ ಕಾಳನ್ನೂ ಹಾಕಬೇಕೆಂಬ ಆಸೆಯಿದ್ದರೆ ಹಿಡಿಯಷ್ಟು ರಾಗಿಯನ್ನೋ ನವಣೆಯನ್ನೋ ಬೆಳಗ್ಗೆ ಹಾಕಿ. ಮಧ್ಯಾಹ್ನದೊಳಗೆ ಮುಗಿಯುವಷ್ಟಿರಲಿ, ರಾತ್ರಿ ಇಲಿಗೆ ಉಳಿಯಬಾರದು. ಮಾಗಿದ ಬಾಳೆಯ ಅಥವಾ ಪರಂಗಿಯ ತುಂಡನ್ನಿಟ್ಟರೆ ಪಿಕಳಾರವೂ ಕುಟ್ರುವೂ ಒಪ್ಪುವುವು. ಉಪ್ಪುಖಾರದ ಪದಾರ್ಥ, ಎಣ್ಣೆಯಲ್ಲಿ ಕರಿದ ತಿಂಡಿ, ಹಾಲು, ಇವು ಬೇಡ.

ಇನ್ನೊಂದು ವಿಷಯವನ್ನು ಅರಿಕೆ ಮಾಡಿ ಮುಗಿಸುವೆನು. “ಈ ಬಾಲ ಆಡ್ಸೋ ಹಕ್ಕಿ ವರ್ಷಾವರ್ಷಾ ಇದೇ ಕಲ್ಲಿಗೆ ಬತ್ತದೆ” ಎಂದು ಆ ಅಜ್ಜಿ ಹೇಳಿದ್ದರು. ಅದು ಬರಿಯ ಅಜ್ಜಿಯ ಮಾತಲ್ಲ. ಕಾಲಿಗೆ ಉಂಗುರ ತೊಡಿಸಿ ಬಿಟ್ಟ ಇಂಥ ಹಕ್ಕಿಗಳು ಸಾವಿರಾರು ಮೈಲಿ ಪ್ರಯಾಣ ಮಾಡಿ, ಮರುವರ್ಷ ಅದೇ ಅಂಗಳಕ್ಕೆ ಮರಳಿದುದನ್ನು ಪಕ್ಷಿಶಾಸ್ತ್ರಜ್ಞರು ಕಂಡಿದ್ದಾರೆ. ಹಕ್ಕಿ ನೆನಪಿಟ್ಟುಕೊಂಡು ಬರುವುದು ನಾವಿಟ್ಟ ತಟ್ಟೆಗಲ್ಲ, ಆ ಸ್ಥಳಕ್ಕೆ. ಅದು ಹಿಮಾಲಯದಲ್ಲಿ ಮರಿಮಾಡುತ್ತಿರುವಾಗ ನಾವು ಇಲ್ಲಿ ಅಂಗಳಕ್ಕೆಲ್ಲ ಸಿಮೆಂಟು ಬಳಿದರೆ, ಹಿಂದಿರುಗಿದ ಅತಿಥಿಗೆ ಬಾಗಿಲು ಹಾಕಿದಂತೆಯೇ ಆಯಿತು.

ನಾನು ಹೋದಾಗಲೇ ಆ ಮನೆಯ ಮಕ್ಕಳು ಹಿತ್ತಲಿಗೆ ಸಿಮೆಂಟು ಹಾಕಿಸುವ ಮಾತನ್ನಾಡುತ್ತಿದ್ದರು. ಮಳೆಯಲ್ಲಿ ಅಜ್ಜಿಯ ಕಾಲು ಜಾರೀತೆಂಬ ಅವರ ಭಯ ಸುಳ್ಳಲ್ಲ. ಮುಂದಿನ ಅಕ್ಟೋಬರಿನಲ್ಲಿ ಶಿಷ್ಯನ ಕಾಗದ ಬಂದಿತು: “ಸಾರ್, ಸಿಮೆಂಟು ಹಾಕಿಸಿದೆವು. ಆದರೆ ಒಗೆಯುವ ಕಲ್ಲಿನಿಂದ ಹುಣಸೆಯ ಮರದವರೆಗೆ ಅಜ್ಜಿ ಮೇಸ್ತ್ರಿಯನ್ನು ಮುಟ್ಟಗೊಡಲಿಲ್ಲ. ಹಕ್ಕಿ ನಿನ್ನೆ ಬಂದಿದೆ.”

ನಮ್ಮ ಹಿತ್ತಲುಗಳಲ್ಲಿಯೂ ಅಷ್ಟು ನೆಲವನ್ನು ಬಿಡೋಣ.