ಊರಿನ ಮನೆಯ ಬಾಡಿಗೆ, ಪರದೇಶದ ಮಾಲೀಕರು
(ಮಹಿಳಾ ಸ್ವಸಹಾಯ ಸಂಘಗಳ ಮಾಹಿತಿ ಸಭೆಯಲ್ಲಿ ನೀಡಿದ ಭಾಷಣ)



ಸಂಘದ ಪುಸ್ತಕದಲ್ಲಿ ಹತ್ತು ರೂಪಾಯಿ ಉಳಿತಾಯವನ್ನೂ ಬಿಡದೆ ಬರೆಯುವವರು ನಾವು. ಆದರೆ ಗಲ್ಫ್‌ನಲ್ಲಿರುವ ಯಜಮಾನರ ಹೆಸರಿನ ಮನೆಗೆ ತಿಂಗಳಿಗೆ ಇಪ್ಪತ್ತು ಸಾವಿರ ಬಾಡಿಗೆ ಬಂದರೆ, ಅದು ಎಷ್ಟೋ ಮನೆಗಳಲ್ಲಿ ಯಾವ ಪುಸ್ತಕದಲ್ಲೂ ಇರುವುದಿಲ್ಲ. "ಅವರು ಎನ್ನಾರೈ ಅಲ್ವಾ, ಅವರಿಗೆ ಟ್ಯಾಕ್ಸ್ ಇಲ್ಲ" ಅಂತ ಹೇಳುವವರೇ ಹೆಚ್ಚು. ಈ ಮಾತು ಅರ್ಧ ಸರಿ, ಅರ್ಧ ತಪ್ಪು.

ಸರಿ ಯಾವುದು ಅಂದರೆ, ಅನಿವಾಸಿಯಾದವರು ದುಬೈಯಲ್ಲೋ ಕುವೈತಿನಲ್ಲೋ ದುಡಿದು ಪಡೆಯುವ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ತಪ್ಪು ಯಾವುದು ಅಂದರೆ, ಮನೆ ಇರುವುದು ನಮ್ಮ ಊರಿನಲ್ಲಿ. ಅದರ ಬಾಡಿಗೆ ಭಾರತದಲ್ಲಿ ಹುಟ್ಟಿದ ಆದಾಯ. ಮಾಲೀಕರು ಎಲ್ಲೇ ಇರಲಿ, ಅದನ್ನು ಇಲ್ಲಿ ತೋರಿಸಬೇಕು.

ಇನ್ನು ಕೆಲವರು, "ಬಾಡಿಗೆ ನನ್ನ ಅಕೌಂಟಿಗೆ ಬರ್ತದೆ, ಹಾಗಾಗಿ ಅದು ನನ್ನ ಆದಾಯ" ಅನ್ನುತ್ತಾರೆ. ಹಾಗಲ್ಲ. ಹಣ ಯಾರ ಖಾತೆಗೆ ಬಂತು ಎಂಬುದಲ್ಲ, ಮನೆ ಯಾರದ್ದು ಎಂಬುದು ಮುಖ್ಯ. ಗಂಡ ಹಣ ಪಡೆಯದೆ ಮನೆಯನ್ನು ಹೆಂಡತಿಯ ಹೆಸರಿಗೆ ಮಾಡಿಕೊಟ್ಟರೂ ತೆರಿಗೆಯ ಲೆಕ್ಕಕ್ಕೆ ಸಾಮಾನ್ಯವಾಗಿ ಅವರೇ ಮಾಲೀಕರು. ಅನಿವಾಸಿಯಾದವರ ಬಾಡಿಗೆ ಅವರ ಎನ್‌ಆರ್‌ಒ ಖಾತೆಗೆ ಬಂದರೆ ಲೆಕ್ಕ ಚೊಕ್ಕವಾಗಿರುತ್ತದೆ. ಊರಿನಲ್ಲಿರುವ ಹೆಂಡತಿಯನ್ನು ಆ ಖಾತೆಗೆ ಜಂಟಿಯಾಗಿ ಸೇರಿಸಿಕೊಳ್ಳಲು ಅವಕಾಶವಿದೆ. ಹೋಗುವ ಮೊದಲು ಇದ್ದ ಹಳೆಯ ಉಳಿತಾಯ ಖಾತೆಯನ್ನು ಹಾಗೆಯೇ ಮುಂದುವರಿಸುವುದು ನಿಯಮಕ್ಕೆ ಸರಿಯಲ್ಲ, ಬ್ಯಾಂಕಿಗೆ ತಿಳಿಸಿ ಅದನ್ನು ಎನ್‌ಆರ್‌ಒ ಮಾಡಿಸಬೇಕು.

ಈಗ ಲೆಕ್ಕ ನೋಡಿ. ತಿಂಗಳಿಗೆ 20,000 ರೂ. ಅಂದರೆ ವರ್ಷಕ್ಕೆ 2,40,000. ಪಂಚಾಯತಿಗೋ ಪುರಸಭೆಗೋ ಕಟ್ಟಿದ ಮನೆ ತೆರಿಗೆ 6,000 ಕಳೆಯಿರಿ, 2,34,000 ಉಳಿಯಿತು. ಇದರಲ್ಲಿ ಶೇ. 30 ಅಂದರೆ 70,200 ರೂ. ರಿಪೇರಿ ಮುಂತಾದ ಖರ್ಚಿಗೆಂದು ಬಿಲ್ ಕೇಳದೆಯೇ ಬಿಡುತ್ತಾರೆ. ಉಳಿದದ್ದು 1,63,800. ಬ್ಯಾಂಕಿನ ಮನೆ ಸಾಲ ಇದ್ದರೆ ಅದರ ಬಡ್ಡಿಯನ್ನೂ ಕಳೆಯಬಹುದು. 2025-26ನೇ ಸಾಲಿನಿಂದ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಬೇರೆ ಆದಾಯ ಇಲ್ಲಿ ಇಲ್ಲದಿದ್ದರೆ ಕಟ್ಟಬೇಕಾದದ್ದು ಸೊನ್ನೆ.

ಒಂದು ಎಚ್ಚರಿಕೆ. ಟಿವಿಯಲ್ಲಿ "12 ಲಕ್ಷದವರೆಗೆ ತೆರಿಗೆ ಇಲ್ಲ" ಎಂದು ಹೇಳಿದ್ದನ್ನು ನೀವೂ ಕೇಳಿರಬಹುದು. ಆ ರಿಯಾಯಿತಿ ಇಲ್ಲಿನ ನಿವಾಸಿಗಳಿಗೆ ಮಾತ್ರ, ಅನಿವಾಸಿಗಳಿಗೆ ಇಲ್ಲ. ಹಿರಿಯ ನಾಗರಿಕರ ಹೆಚ್ಚಿನ ಮಿತಿಯೂ ಅಷ್ಟೆ.

ಸೊನ್ನೆ ಅಂತ ಸುಮ್ಮನೆ ಕೂರುವ ಹಾಗಿಲ್ಲ. ಅನಿವಾಸಿ ಮಾಲೀಕರಿಗೆ ಬಾಡಿಗೆ ಕೊಡುವವರು ಮೊದಲೇ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕು ಎಂದು ಕಾನೂನು ಹೇಳುತ್ತದೆ. ಶೇ. 30, ಅದರ ಮೇಲೆ ಸೆಸ್ ಸೇರಿ ಶೇ. 31.2. ಊರಿನಲ್ಲೇ ಇರುವ ಮಾಲೀಕರಿಗಾದರೆ ತಿಂಗಳಿಗೆ 50,000 ದಾಟಿದ ಮೇಲೆ ಈ ಪ್ರಶ್ನೆ ಬರುತ್ತದೆ, ಅನಿವಾಸಿಗೆ ಅಂಥ ಕನಿಷ್ಠ ಮಿತಿಯೇ ಇಲ್ಲ. 20,000ದಲ್ಲಿ 6,240 ರೂ. ಹಿಡಿದರೆ ಕೈಗೆ ಬರುವುದು 13,760. ವರ್ಷಕ್ಕೆ 74,880 ರೂ. ಸರ್ಕಾರದ ಬಳಿ ಕೂತಿರುತ್ತದೆ. ರಿಟರ್ನ್ ಸಲ್ಲಿಸಿದರೆ ಅದು ವಾಪಸು ಬರುತ್ತದೆ, ಸಲ್ಲಿಸದಿದ್ದರೆ ಬರುವುದಿಲ್ಲ. ಇಷ್ಟು ಹಣ ಹಿಡಿಯುವುದೇ ಬೇಡ ಎಂದಾದರೆ, ಮಾಲೀಕರು ಇಲಾಖೆಗೆ ಅರ್ಜಿ ಹಾಕಿ ಕಡಿಮೆ ಕಡಿತದ ಪ್ರಮಾಣಪತ್ರ ಪಡೆದು ಬಾಡಿಗೆದಾರರಿಗೆ ಕೊಡಬಹುದು.

ನಮ್ಮಲ್ಲೇ ಕೆಲವರು ಟೈಲರಿಂಗ್ ಅಂಗಡಿಗೋ ವಾಸಕ್ಕೋ ಬಾಡಿಗೆ ಮನೆಯಲ್ಲಿದ್ದಾರೆ, ಮಾಲೀಕರು ಮಸ್ಕತ್‌ನಲ್ಲಿ. ಅವರಿಗೂ ಇದೇ ನಿಯಮ. ತೆರಿಗೆ ಹಿಡಿಯಲಿಲ್ಲವಾದರೆ ಇಲಾಖೆ ಬಾಡಿಗೆದಾರರನ್ನೇ ಕೇಳಬಹುದು. ಟ್ಯಾನ್ ಎಂಬ ಸಂಖ್ಯೆ ಮಾಡಿಸಬೇಕು, ಮೂರು ತಿಂಗಳಿಗೊಮ್ಮೆ ವಿವರ ಸಲ್ಲಿಸಬೇಕು. ಹೊಲಿಗೆ ಮಾಡಿ ಬದುಕುವವಳಿಗೆ ಇದು ಹೊರೆಯೇ ಸರಿ, ಕಾನೂನು ಮಾಡಿದವರು ಇವಳನ್ನು ನೆನೆದಿರಲಿಕ್ಕಿಲ್ಲ ಎಂದು ನಮಗೆ ಅನಿಸುತ್ತದೆ. ಕರಾರು ಬರೆಯುವ ದಿನವೇ ಮಾಲೀಕರು ಎಲ್ಲಿರುತ್ತಾರೆ ಎಂದು ಕೇಳಿಬಿಡಿ. ಪ್ರಮಾಣಪತ್ರ ತರಿಸಿಕೊಡಿ, ಟ್ಯಾನ್ ಖರ್ಚು ನೀವೇ ಕೊಡಿ ಎನ್ನಲು ಆಗಲೇ ಬಾಯಿ ಬರುವುದು.

ಸೆಕ್ಷನ್ ನಂಬರುಗಳನ್ನು ಬೇಕೆಂದೇ ಹೇಳಲಿಲ್ಲ. 1961ರ ಕಾಯ್ದೆಯ ಬದಲಿಗೆ 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ ಎಂದು ಗೊತ್ತಾಗಿರುವುದರಿಂದ ಹಳೆಯ ನಂಬರು ಕಲಿತು ಪ್ರಯೋಜನವಿಲ್ಲ.

ಗಲ್ಫ್ ದೇಶಗಳಲ್ಲಿ ವ್ಯಕ್ತಿಗಳ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಊರಿನ ಬಾಡಿಗೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲ. (ಒಮಾನ್ ಮಾತ್ರ 2028ರ ಜನವರಿಯಿಂದ ಎಂದು ಕಾನೂನು ಮಾಡಿದೆ, ಅದೂ ವರ್ಷಕ್ಕೆ 42,000 ರಿಯಾಲ್ ಮೇಲೆ ದುಡಿಯುವವರಿಗೆ.) ಆದರೆ ಈಗ ನಮ್ಮ ಹೆಣ್ಣುಮಕ್ಕಳು ನರ್ಸ್ ಆಗಿ ಇಂಗ್ಲೆಂಡಿಗೆ ಹೋಗುತ್ತಿದ್ದಾರೆ. ಅಲ್ಲಿನ ಕಥೆಯೇ ಬೇರೆ. ಅಲ್ಲಿ ನಿವಾಸಿಯಾದವರು ಪ್ರಪಂಚದ ಎಲ್ಲಾ ಕಡೆಯ ಆದಾಯವನ್ನೂ ತೋರಿಸಬೇಕು, ಊರಿನ ಬಾಡಿಗೆಯೂ ಸೇರಿ. "ಹಣ ಇಲ್ಲಿಗೆ ತರಿಸಲೇ ಇಲ್ಲ" ಎಂಬ ಹಳೆಯ ಸಮಾಧಾನ 2025ರ ಏಪ್ರಿಲ್ 6ರಿಂದ ನಡೆಯುವುದಿಲ್ಲ.

ಹೊಸದಾಗಿ ಹೋದವರಿಗೆ ಮೊದಲ 4 ವರ್ಷ ವಿದೇಶಿ ಆದಾಯಕ್ಕೆ ವಿನಾಯಿತಿ ಕೇಳಲು ಅವಕಾಶವಿದೆ, ಅದಕ್ಕೆ ಮೊದಲು 10 ವರ್ಷ ಅಲ್ಲಿನ ನಿವಾಸಿಯಾಗಿರಬಾರದು. ಕೇಳಲು ಚೆಂದ. ಆದರೆ ವಿನಾಯಿತಿ ಕೇಳಿದ ವರ್ಷ ಎಲ್ಲರಿಗೂ ಸಿಗುವ 12,570 ಪೌಂಡಿನ ತೆರಿಗೆರಹಿತ ಮೊತ್ತ ಕೈತಪ್ಪುತ್ತದೆ. ಶೇ. 20ರ ದರದವಳಿಗೆ ಅದು 2,514 ಪೌಂಡಿನ ನಷ್ಟ. ಪೌಂಡಿಗೆ ನೂರು ರೂಪಾಯಿ ಎಂದೇ ಹಿಡಿದರೂ ಎರಡೂವರೆ ಲಕ್ಷ! ನಮ್ಮ ಲೆಕ್ಕದ 2,40,000 ಬಾಡಿಗೆ ಪೂರ್ತಿಗೆ ಶೇ. 20 ಕಟ್ಟಿದರೂ 48,000 ರೂ. ಮಾತ್ರ. ಸಣ್ಣ ಬಾಡಿಗೆಯವರು ಆ ವಿನಾಯಿತಿಯ ಗೋಜಿಗೆ ಹೋಗದಿರುವುದೇ ಲಾಭ.

ಇಲ್ಲಿ ನಿಜವಾಗಿ ಕಟ್ಟಿದ ತೆರಿಗೆಯನ್ನು ಅಲ್ಲಿ ಕಳೆಯಲು ಎರಡು ದೇಶಗಳ ಒಪ್ಪಂದ ಇದೆ. ಆದರೆ ಬಾಡಿಗೆದಾರರು ಹಿಡಿದು ನಂತರ ವಾಪಸು ಬಂದ ಹಣ ಕಟ್ಟಿದ ತೆರಿಗೆ ಅಲ್ಲ, ಅದನ್ನು ತೋರಿಸಿ ಕಡಿತ ಕೇಳುವ ಹಾಗಿಲ್ಲ. ನಮ್ಮ ಶೇ. 30ರ ಕಡಿತವೂ ಅಲ್ಲಿ ನಡೆಯದು, ಸುಣ್ಣಬಣ್ಣಕ್ಕೆ, ಪಂಪ್ ರಿಪೇರಿಗೆ ಕೊಟ್ಟ ನಿಜವಾದ ಬಿಲ್ ಬೇಕು. ಬಿಲ್ ಇರುವುದು ಊರಿನಲ್ಲಿ, ಅಮ್ಮನ ಕೈಯಲ್ಲಿ! ಅಲ್ಲಿನ ವರ್ಷ ಏಪ್ರಿಲ್ 5ಕ್ಕೆ ಮುಗಿಯುತ್ತದೆ, ಆನ್‌ಲೈನ್ ರಿಟರ್ನ್‌ಗೆ ಮುಂದಿನ ಜನವರಿ 31 ಕೊನೆ.

ಯಾರಿಗೆ ಗೊತ್ತಾಗ್ತದೆ ಎನ್ನಬೇಡಿ. 2017ರಿಂದ ಭಾರತ ಬೇರೆ ದೇಶಗಳ ಜೊತೆ ಬ್ಯಾಂಕ್ ಖಾತೆಗಳ ಮಾಹಿತಿ ಹಂಚಿಕೊಳ್ಳುತ್ತಿದೆ.

ಮುಂದಿನ ಸಭೆಗೆ ಬರುವಾಗ ಬಾಡಿಗೆ ಕರಾರು, ಮನೆ ತೆರಿಗೆ ರಶೀದಿ, ಮಾಲೀಕರ ಪ್ಯಾನ್ ಪ್ರತಿ, ಎನ್‌ಆರ್‌ಒ ಪಾಸ್‌ಬುಕ್ ತನ್ನಿ. ಮೂಲಪ್ರತಿ ಬೇಡ, ಜೆರಾಕ್ಸ್ ಸಾಕು. ಅನಿವಾಸಿಗಳಿಗೆ ಸರಳವಾದ ಐಟಿಆರ್-1 ನಮೂನೆ ನಡೆಯುವುದಿಲ್ಲ, ಐಟಿಆರ್-2 ಬೇಕು. ಅದನ್ನು ತುಂಬುವುದು ಹೇಗೆಂದು ಅಂದು ಕುಳಿತು ನೋಡೋಣ.