ಹೊಸ ಬೂಟು



ಹೊಸ ಚಪ್ಪಲಿ ಕಾಲನ್ನು ‘ಕಚ್ಚುತ್ತದೆ’ ಎಂದು ನಮ್ಮ ಜನ ಹೇಳುತ್ತಾರೆ. ಆ ಮಾತಿನ ಸತ್ಯ ನನಗೆ ತಿಳಿದದ್ದು 1964ರ ಕೊನೆಯಲ್ಲಿ. ಚೀನಾದೊಡನೆ ನಡೆದ ಯುದ್ಧದ ತರುವಾಯ ಸೈನ್ಯಕ್ಕೆ ಅಧಿಕಾರಿಗಳು ಬೇಕಾಗಿದ್ದ ಕಾಲ ಅದು. ರಾಜಾಜಿನಗರದ ನಮ್ಮ ಮನೆಯಿಂದ ನಾನೂ ತರಬೇತಿಗೆ ಆಯ್ಕೆಯಾದೆ. ಕೊಂಡ ಬೂಟನ್ನು ಹೊರಡುವ ದಿನದವರೆಗೂ ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದೆ. ಅದರ ಹೊಳಪು ಮಾಸಬಾರದೆಂಬ ಹುಚ್ಚು ಅಭಿಮಾನ. ಅಲ್ಲಿ ಮೂರನೆಯ ದಿನವೇ ಹಿಮ್ಮಡಿಯಲ್ಲಿ ಬೊಬ್ಬೆಗಳೆದ್ದವು. ಹೇಳಿಕೊಳ್ಳಲು ನಾಚಿ ಓಡಿದೆ. ಗಾಯ ಕೀವುಗಟ್ಟಿತು, ವಾರಗಟ್ಟಲೆ ಮಲಗಿದೆ, ಮುಂದಿನ ತಂಡಕ್ಕೆ ಬಿದ್ದೆ. ತಪ್ಪು ನನ್ನದೇ.

ಈಗ ಬಸವೇಶ್ವರನಗರದ ನಮ್ಮ ಮನೆಯಿಂದ ಮೊಮ್ಮಗಳು ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಹೊರಟಿದ್ದಾಳೆ. ಸರ್ವೋಚ್ಚ ನ್ಯಾಯಾಲಯದ 2021ರ ಆದೇಶದಿಂದ ಹೆಣ್ಣುಮಕ್ಕಳಿಗೆ ಆ ಬಾಗಿಲು ತೆರೆಯಿತು. 2022ರಲ್ಲಿ ಸೇರಿದವರ ಪೈಕಿ 17 ಮಂದಿ ಮೂರು ವರ್ಷಗಳ ಶಿಕ್ಷಣ ಮುಗಿಸಿ 2025ರ ಮೇ ತಿಂಗಳಲ್ಲಿ ಹೊರಬಂದರು. ಸಮವಸ್ತ್ರದ ಬೂಟು ಅಲ್ಲಿಯೇ ದೊರೆಯಬಹುದು. ಆದರೆ ಬೂಟಿನೊಳಗೆ ಬಾಳುವ ವಿದ್ಯೆಯನ್ನು ಕಾಲು ಮೊದಲೇ ಕಲಿತಿರಬೇಕು.

ಆದ್ದರಿಂದ ಸಂಜೆಯ ಹೊತ್ತು ಅಂಗಡಿಗೆ ಹೋದೆವು. ದಿನವೆಲ್ಲ ದುಡಿದ ಕಾಲು ಸಂಜೆಗೆ ತುಸು ಊದಿರುತ್ತದೆ. ಆಗ ಹಿಡಿಸುವ ಬೂಟೇ ಸರಿಯಾದ ಅಳತೆಯದು. ಬೆರಳುಗಳ ಮುಂದೆ ಹೆಬ್ಬೆರಳಿನಗಲ ಜಾಗ ಬೇಕು, ಹಿಮ್ಮಡಿ ಮಾತ್ರ ಜಾರಬಾರದು. ಬೆವರಿಗೆ ನೆನೆದ ಚರ್ಮ ಉಜ್ಜಿ ಉಜ್ಜಿ ಪದರ ಬಿಟ್ಟಾಗ ನಡುವೆ ನೀರು ತುಂಬುವುದೇ ಬೊಬ್ಬೆ. ಅದಕ್ಕೆಂದೇ ತೆಳುವಾದ ಕಾಲುಚೀಲದ ಮೇಲೆ ದಪ್ಪನೆಯದೊಂದು: ಉಜ್ಜಾಟವೆಲ್ಲ ಆ ಎರಡು ಬಟ್ಟೆಗಳ ನಡುವೆಯೇ ಮುಗಿಯಲಿ.

ಮೊದಲ ವಾರ ಮನೆಯೊಳಗೆ ದಿನಕ್ಕೆ ಅರ್ಧ ಗಂಟೆ. ಅನಂತರ ಹಾವನೂರು ವೃತ್ತದವರೆಗೆ; ಆಮೇಲೆ ನವರಂಗ್ ತನಕ ಹೋಗಿ ಬರುವುದು. ನೆನೆದ ದಿನ ಬಿಸಿಲಿಗಾಗಲಿ ಒಲೆಯ ಬಳಿಗಾಗಲಿ ಇಡದೆ, ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿ ಆರಿಸುವುದು. ಪಾಲಿಶನ್ನು ತೆಳುವಾಗಿ ಹಚ್ಚಿ, ಹನಿ ನೀರು ತಾಗಿಸಿದ ಬಟ್ಟೆಯಿಂದ ಸಣ್ಣ ಸಣ್ಣ ಸುತ್ತಿನಲ್ಲಿ ತಿಕ್ಕುವುದು. ನಮ್ಮ ಬೀದಿಯ ಮೂಲೆಯಲ್ಲಿ ಕೂರುವ ಮುದುಕ ಚಮ್ಮಾರ ಹಿಮ್ಮಡಿಯ ಪಟ್ಟಿಯನ್ನು ಕೈಯಲ್ಲಿ ಮಡಿಸಿ ನೋಡಿ, “ಅವಸರ ಮಾಡಬೇಡಿ ಸ್ವಾಮಿ, ತೊಗಲು ತಾನಾಗಿ ಬಗ್ಗಬೇಕು” ಎಂದ. ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಹೊಲಿದರೆಂಬ ಹರಳಯ್ಯ ದಂಪತಿಗಳ ಕಥೆ ನೆನಪಾಯಿತು. ನಾವು ಮೆಟ್ಟುವುದು ಎಂದಿಗೂ ಇನ್ನೊಂದು ಜೀವದ ಚರ್ಮವನ್ನೇ.

ಮೊನ್ನೆ ನಾನು ಬೂಟು ತಿಕ್ಕುತ್ತಿದ್ದಾಗ ಸೊಸೆ ಬಾಗಿಲಲ್ಲಿ ನಿಂತು, “ಮಾವ, ಅದನ್ನು ಇಷ್ಟು ಚೆನ್ನಾಗಿ ಯಾಕೆ ಪಳಗಿಸುತ್ತೀರಿ? ಕಚ್ಚಿದರೆ ಮನೆಗಾದರೂ ಬಂದಾಳು” ಎಂದಳು. ನಗುತ್ತಲೇ ಎಂದಳು, ಕಣ್ಣು ನಗುತ್ತಿರಲಿಲ್ಲ.

ನಾನು ಉತ್ತರ ಕೊಡಲಿಲ್ಲ. ನನ್ನ ಮೊದಲ ತಂಡದವರು ನನಗಿಂತ ಮುಂಚೆ ಅಧಿಕಾರಿಗಳಾಗಿ 1965ರ ಯುದ್ಧಕ್ಕೆ ಹೋದರು. ಪಕ್ಕದ ಮಂಚದ ಗೆಳೆಯ, ರಾತ್ರಿ ನನ್ನ ಗಾಯ ತೊಳೆದವನು, ಮರಳಲಿಲ್ಲ. ನಾನು ಆಗಿನ್ನೂ ಕವಾಯತಿನ ಮೈದಾನದಲ್ಲಿದ್ದೆ. ಆ ಗಾಯವೇ ನನ್ನನ್ನು ಉಳಿಸಿತೋ ಏನೋ. ಆದರೆ ಅದನ್ನು ಭಾಗ್ಯವೆನ್ನಲು ಅರವತ್ತು ವರ್ಷಗಳಲ್ಲಿ ಒಮ್ಮೆಯೂ ನನ್ನ ನಾಲಗೆ ಏಳಲಿಲ್ಲ. ಸೊಸೆಯ ಮಾತು ತಾಯಿಯ ಮಾತು, ಅದರಲ್ಲಿ ತಪ್ಪಿಲ್ಲ. ನನ್ನ ಕೈಯೂ ಒಂದು ಕ್ಷಣ ನಿಂತಿತು.

ಅಷ್ಟರಲ್ಲಿ ಮೊಮ್ಮಗಳು ಬಂದು ಬೂಟು ತೊಟ್ಟು ಹೊರಟಳು. ನವರಂಗ್‌ವರೆಗೆ ನಡೆದು, ಬೆವರಿ ಹಿಂದಿರುಗಿ, ಜಗಲಿಯಲ್ಲಿ ಕುಳಿತು ಕಾಲುಚೀಲ ಕಳಚಿದಳು.

“ತಾತ, ನೋಡಿ” ಎಂದು ಹಿಮ್ಮಡಿ ತೋರಿಸಿದಳು. ಕನ್ನಡಕ ಹಾಕಿಕೊಂಡು ನೋಡಿದೆ. ಎಲ್ಲಿಯೂ ಕೆಂಪಿರಲಿಲ್ಲ. ಅವಳ ತಾಯಿಯೂ ಬಗ್ಗಿ ನೋಡಿದಳು. ಏನೂ ಹೇಳದೆ ಒಳಗೆ ಹೋಗಿ, ಕಾಲು ತೊಳೆಯಲು ಬಿಸಿನೀರು ತಂದಳು.